ಬಾಡಿಗೆಗಿದ್ದೋರ ಹೆಸರು

ಬೇಡ ಅಂತ ನೀನ್ಯಾಕವ್ವ ಹೇಳ್ತೀಯ? ಕಟ್ಟೋನು ನಾನು, ಬೇಡ ಅನ್ನೋಳು ನೀನು! ಒಸಿ ಆಚೆ ನೋಡು, ಬೆಂಚಿನ ಮೇಲೆ ಕೂತವ್ರಲ್ಲ ಅಷ್ಟೂ ಜನ... ಒಬ್ಬೊಬ್ಬರೂ ಬಂದಿರೋದು ಯಾವುದನ್ನ ತೋರಿಸ್ದೆ ಇರೋದು ಅಂತ ಕೇಳೋಕೆ. ನಾನೊಬ್ಬ ಬಂದಿದ್ದೀನಿ, ನಂಗೆ ದುಡ್ಡು ಬಂತು ಕಣವ್ವ, ತೋರ್ಸು ಅಂತ. ನನ್ನೇ ವಾಪಸ್ ಕಳಿಸ್ತೀಯಾ? ಇನ್ಕಂ ಟ್ಯಾಕ್ಸ್ ಅಂತ ಇಷ್ಟುದ್ದ ಬೋರ್ಡ್ ಹಾಕ್ಕೊಂಡಿದ್ದೀಯ ಮಿಸ್ಬಾ, ಟ್ಯಾಕ್ಸ್ ಕಟ್ತೀನಿ ಅಂತ ಒಬ್ಬ ಬಂದ್ರೆ ಹಿಂಗೆ ಬೆಚ್ಚಿ ಬೀಳ್ತೀಯಲ್ಲ!

ಇಲ್ಲ ಇಲ್ಲ, ಬ್ಯಾಂಕ್ ಬಡ್ಡಿದು ಬೇರೆ. ಅದು ವರ್ಷಾ ವರ್ಷಾ ನೀನೇ ಹಾಕ್ತಿದ್ದೀಯ. ರೋಡಿಗೆ ಹೋದ ಜಮೀನಿನ ದುಡ್ಡು, ಅದರ ಬಡ್ಡಿ, ಬ್ಯಾಂಕಿನೋರು ಹಿಡ್ಕೊಂಡಿದ್ದು ವಾಪಸ್ ಬರೋದು... ಅದನ್ನ ಹಂಗೇ ಹಾಕು. ಈ ಸಲ ಅದರ ಕೆಳಗೆ ಇನ್ನೊಂದು ಸೇರಿಸ್ಬೇಕು, ಅಷ್ಟೆ. ಹೆಸರು ಚಲುವಯ್ಯ, ಊರು ಅಕ್ಕೂರು, ಮೇಲೆ ಬಂದೈತಲ್ಲ? ಹ್ಞಾ. ಮನೆ ಎರಡು. ಒಂದು ಊರೊಳಗೆ, ನಾನೂ ಮಗನೂ ಇರೋದು. ಇನ್ನೊಂದು ತೋಟದಲ್ಲಿ. ತೋಟದ ಮನೆ ಮೂರು ತಿಂಗಳು ಬಾಡಿಗೆಗೆ ಹೋಗಿತ್ತು. ಬಾಡಿಗೆ ಬಂತು. ಖಾಲಿ ಮಾಡ್ಕೊಂಡು ಹೋದ್ರು. ಇದ್ರಲ್ಲಿ ಏನವ್ವ ಕಷ್ಟ?

...ಏನು? ಹಾಕಿದ್ರೂ ತೆರಿಗೆ ಬರಲ್ವಾ?

ಯಾಕ್ ಬರಲ್ಲ?

ಹನ್ನೆರಡು ಲಕ್ಷದವರೆಗೂ ಇಲ್ವಾ! ಅಯ್ಯೋ ಶಿವನೇ. ಬರೋ ಹಂಗೆ ಹಾಕವ್ವ. ಒಸಿ ಜಾಸ್ತಿ ತೋರ್ಸಿ ಹಾಕು... ನಗಬೇಡ. ನಾನು ತಮಾಷೆಗೆ ಬಸ್ ಹತ್ತಿ ರಾಮನಗರಕ್ಕೆ ಬಂದಿಲ್ಲ. ನೂರು ರೂಪಾಯಾದ್ರೂ ಸರಿ, ಬಾಡಿಗೆ ಬಂದಿದ್ದಕ್ಕೆ ಈ ಮನುಷ್ಯ ತೆರಿಗೆ ಕಟ್ಟವ್ನೆ ಅಂತ ಒಂದು ರಸೀತಿ ಬೇಕು ನಂಗೆ. ಸರ್ಕಾರದ್ದು. ಭಾನುವಾರದೊಳಗೆ.

ಯಾಕೆ ಅಂದ್ರೆ... ಹೇಳ್ತೀನಿ. ಬಚ್ಚಿಡೋಕೆ ಏನೈತೆ ಇದ್ರಲ್ಲಿ? ಭಾನುವಾರ ನನ್ನ ಮಗ ನಾಲ್ಕು ಜನರನ್ನ ಕಟ್ಟೆ ಮೇಲೆ ಕೂರಿಸ್ತಾನಂತೆ. ಅಶ್ವಥ್, ನೀನು ನೋಡಿದ್ದೀಯಲ್ಲ, ಹೋದ ವರ್ಷ ನನ್ನ ಕರ್ಕೊಂಡು ಬಂದಿದ್ನಲ್ಲ, ಫೋನಲ್ಲೇ ಮುಖ ಇಟ್ಕೊಂಡು ಕೂತಿದ್ದ... ಅವನೇ. ಊರೋರ ಮುಂದೆ ನನ್ನ ನಿಲ್ಲಿಸಿ ಕೇಳ್ತಾನಂತೆ. 'ತೋಟದ ಮನೇನ ಬಾಡಿಗೆಗೆ ಕೊಟ್ಯೋ, ಸುಮ್ನೆ ಬಿಟ್ಕೊಟ್ಯೋ? ಸುಮ್ನೆ ಬಿಟ್ಕೊಟ್ಟಿದ್ರೆ ಆಡಿದ ಮಾತಿಗೆ ನೀನೇ ತಪ್ಪಿದ ಹಂಗಾಯ್ತು. ಇನ್ಮೇಲೆ ಈ ಮನೇಲಿ ನಿನ್ನ ಮಾತು ನಡೆಯಲ್ಲ.' ಹೆತ್ತಪ್ಪನಿಗೆ! ಅವನಿಗೆ ಮಾತು ಅಂದ್ರೆ ಏನು ಅಂತ ಕಲಿಸಿದೋನೇ ನಾನು. ಅವತ್ತು ಆ ಕಾಗದ ತಗ್ದು ಮುಖದ ಮುಂದೆ ಹಿಡಿತೀನಿ. ತಗಳ್ರಪ್ಪಾ, ಓದ್ಕಳ್ರಿ. ಬಾಡಿಗೆ. ಸರ್ಕಾರವೇ ಒಪ್ಕೊಂಡೈತೆ, ನಿಮ್ದೇನು?

ಯಾವ ಮಾತಾ... ಹಳೇದು ಬುಡು.

ಹೇಳ್ದೆ ಇದ್ರೆ ಬಿಡಲ್ಲ ನೀನು. ರೋಡಿನ ದುಡ್ಡು ಬಂತಲ್ಲ, ಅದ್ರಲ್ಲಿ ನಂಗೂ ಪಾಲು ಐತೆ ಅಂತ ಕೋರ್ಟಿಗೆ ಹೋದೋರು ಒಬ್ರು ಇದ್ರು. ಗೆದ್ರು. ತಗಂಡ್ರು. ಕಾನೂನು ಅವರ ಕಡೆ ಇತ್ತು, ನಾನು ಇಲ್ಲ ಅಂತೀನಾ? ನಾಲ್ಕು ಜನರ ಮುಂದೆ ನನ್ನ ಕೂಡ ಮಾತಾಡಿದ್ರೆ ನಾನೇ ಕೊಡ್ತಿದ್ದೆ. ಲಾಯರ್ ಕೈಲಿ ಕಾಗದ ಕಳಿಸೋದಾ? ನನ್ನ ಹೆಸರಿಗೆ? ಪೋಸ್ಟ್‌ಮ್ಯಾನ್ ಡೈರಿ ಹತ್ರ ಹಾಲು ಹಾಕ್ತಿದ್ದೋರ ಎದುರಿಗೆ ನಂಗೆ ಸೈನ್ ಹಾಕಿಸ್ಕೊಂಡ ಕಣವ್ವ. ಅವತ್ತು ಅಂದೆ. ಕಾನೂನು ಬೇರೆ, ಹೊಸ್ತಿಲು ಬೇರೆ, ದುಡ್ಡು ತಗಳ್ಲಿ, ನನ್ನ ಮನೆ ಹೊಸ್ತಿಲು ಮಾತ್ರ ಇನ್ಮೇಲೆ ಇಲ್ಲ ಅಂತ. ಕಟ್ಟೆ ಮೇಲೇ ಅಂದೆ. ಅಂದದ್ದು ಅಂದದ್ದೇ. ಇವತ್ತಿಗೂ.

ತಪ್ಪಿಲ್ಲ ನಾನು. ಹೊಸ್ತಿಲು ಅಂದದ್ದು ಊರೊಳಗಿನ ಮನೇದು. ತೋಟದ ಮನೆಗೆ ಎಲ್ಲಿಯ ಹೊಸ್ತಿಲು? ರೇಷ್ಮೆ ಹುಳ ಸಾಕೋ ಮನೆ ಅದು. ಬಾಗಿಲಲ್ಲಿ ಸುಣ್ಣದ ಪುಡಿ ತುಳ್ಕೊಂಡು ಒಳಗೆ ಬರೋ ಮನೆ. ಅಲ್ಲಿ ಬಾಡಿಗೆಗೆ ಯಾರಿದ್ರೇನು?

...ಅದು ಬೇಡ. ಹುಳದ ಮನೆ ಅಂದ ತಕ್ಷಣ ಕೃಷಿ ಆದಾಯ ಅಂತ ಹಾಕಿ ಕೈ ತೊಳ್ಕಬೇಡ. ನಮ್ಮೂರಲ್ಲಿ ಎಲ್ಲರೂ ಹಂಗೇ ಮಾಡ್ತಾರೆ, ನಂಗೆ ಗೊತ್ತು. ಕೊಟ್ಟಿಗೇಲಿ ಮೊಬೈಲ್ ಅಂಗಡಿ ಇಟ್ರೂ ಕೃಷಿ ಅಂತಾರೆ. ನಂಗೆ ಬೇಡ. ಕೃಷಿ ಅಂತ ಹಾಕಿದ್ರೆ ಬಾಡಿಗೆ ಅನ್ನೋ ಪದವೇ ಬರಲ್ವಲ್ಲ! ಆ ಮೂರು ತಿಂಗಳು ಅಲ್ಲಿ ಒಂದು ಹುಳ ಇರಲಿಲ್ಲ. ಮೊಟ್ಟೆನೇ ತರಲಿಲ್ಲ ನಾನು.

ಯಾಕೆ ಹಂಗೆ ನೋಡ್ತೀಯ?

ಹ್ಞೂ. ಬೆಳೆ ಬಿಟ್ಟೆ. ಹಿಪ್ಪುನೇರಳೆ ಸೊಪ್ಪನ್ನ ಕಲ್ಯ ಅನ್ನೋ ಊರಿನ ಕಡೆಯೋರು ಬಂದು ಕುಯ್ಕೊಂಡು ಹೋದ್ರು. ಗೊತ್ತು ಕಣವ್ವ, ಮಾರ್ಕೆಟ್ಟಲ್ಲಿ ನಿಮ್ಮಪ್ಪ ಮಕ್ಬೂಲೂ ಕೇಳ್ದ. 'ಚಲುವಯ್ಯ, ನಿನ್ನ ಗೂಡು ಯಾಕೆ ಕಾಣ್ತಿಲ್ಲ, ಹೆಂಡ್ತಿ ಸತ್ತ ತಿಂಗಳಲ್ಲೂ ಬೆಳೆ ತಂದೋನು ನೀನು' ಅಂದ. ನಾನು ಏನೋ ಹೇಳಿ ಜಾರ್ಕೊಂಡೆ. ಬಾಡಿಗೆಗೆ ಅಂತ ಕೊಟ್ಟ ಮೇಲೆ ಅವರು ಅಡುಗೆ ಮಾಡ್ಕಬೇಕಾ ಬೇಡ್ವಾ? ನೀನು ಗೂಡು ಬೇಯಿಸಿ ನೂಲು ತೆಗೆಯೋ ಬಿಚ್ಚಾಣಿಕೆಯೋರ ಮಗಳು, ನಿಂಗೆ ನಾನು ಹೇಳ್ಬೇಕಾ? ಹುಳ ಇರೋ ಕಡೆ ಒಗ್ಗರಣೆ ಹಾಕಂಗಿಲ್ಲ, ಬೀಡಿ ಹಚ್ಚಂಗಿಲ್ಲ. ನನ್ನ ಹೆಂಡ್ತಿ ಬೈರಮ್ಮ ಇದ್ದಾಗ ಮಲ್ಲಿಗೆ ಮುಡ್ಕೊಂಡು ಒಳಗೆ ಬಂದ್ಲು ಅಂತ ಹೂವ ಕಿತ್ತು ಆಚೆ ಎಸೆದೋನು ನಾನು. ಅಂಥದ್ರಲ್ಲಿ ಇವರು ಬೆಳ್ಳುಳ್ಳಿ ಹುರೀಬೇಕು. ದಿನಾ ಬೆಳ್ಳುಳ್ಳಿ. ಮೆಣಸು. ಸಂಜೆ ಆದ್ರೆ ಸಾಂಬ್ರಾಣಿ ಹೊಗೆ. ಮನೆಯೆಲ್ಲ ಹೊಗೆ! ಯಾವ ಹುಳ ಬದುಕ್ತದೆ ಅಲ್ಲಿ?

...ಹಂಗೆಲ್ಲ ನಗಬೇಡ ಅಂದೆ ತಾನೆ. ಕೆಲವರಿಗೆ ಬೆಳ್ಳುಳ್ಳಿ ಇಷ್ಟ. ತಿಂತಾರೆ.

ಕೇಳು, ಕೇಳು. ಬಾಡಿಗೇಲಿ ಖರ್ಚು ಕಳೀಬಹುದು ಅಂತ ಬಸ್ಸಲ್ಲಿ ಒಬ್ಬರು ಹೇಳಿದ್ರು. ಹೌದಾ? ನೂರಕ್ಕೆ ಮೂವತ್ತು, ರಿಪೇರಿಗೆ ಅಂತ, ಅವರೇ ಬಿಟ್ಕೊಡ್ತಾರಾ? ಬಿಲ್ಲು ಗಿಲ್ಲು ಏನೂ ಕೇಳಲ್ವಾ? ಪರವಾಗಿಲ್ಲವ್ವ ಸರ್ಕಾರ. ಆದ್ರೆ ನಾನು ಮಾಡಿಸಿದ್ದು ಅದಕ್ಕಿಂತ ಜಾಸ್ತಿ ಐತೆ, ಹೇಳ್ತೀನಿ ತಾಳು. ಹುಳದ ಮನೆಗೆ ಸುತ್ತಲೂ ಗಾಳಿ ಆಡೋಕೆ ಕಿಂಡಿ ಬಿಟ್ಟಿರ್ತೀವಲ್ಲ, ಅದನ್ನೆಲ್ಲ ಮುಚ್ಚಿಸ್ದೆ. ಚಳಿ ಬರಬಾರ್ದು ಅಂತ. ಬಚ್ಚಲು ಕಟ್ಟಿಸ್ದೆ, ತಾಮ್ರದ ಹಂಡೆ ಕೂರಿಸ್ದೆ, ಮೂರು ಮೂರು ಬಿಂದಿಗೆ ಬಿಸಿನೀರು ಬೇಕಲ್ಲ ಹೊತ್ತಿಗೆ. ತೊಲೆಗೆ ಕೊಕ್ಕೆ ಹಾಕಿಸ್ದೆ. ಚನ್ನಪಟ್ಟಣಕ್ಕೆ ಹೋಗಿ ಗಿಲಕಿ...

ಯಾವ ಗಿಲಕಿ? ಗಿಲಕಿ ಅಂದ್ನಾ ನಾನು?

ಅಂದೆ. ಸರಿ, ಅಂದೆ. ಸಾಮಾನು ಸಮೇತ ಕೊಟ್ಟಿದ್ದು ಮನೇನ. ಬಾಡಿಗೆ ಮನೇಲಿ ಒಂದು ಗಿಲಕಿ ಇರಬಾರ್ದು ಅಂತ ಯಾವ ಕಾನೂನಲ್ಲಿ ಐತೆ? ಬಣ್ಣ ಬಾಯಿಗೆ ಹೋದ್ರೂ ಏನೂ ಆಗಲ್ಲ, ಅರಗಿನ ಬಣ್ಣ, ಅಂಗಡಿಯೋನು ನೆಕ್ಕಿ ತೋರಿಸ್ದ... ಅದು ಬಿಟ್ಟಾಕು. ಖರ್ಚಲ್ಲಿ ಹಾಕ್ಬೇಡ ಗಿಲಕೀನ. ಹಂಡೆ ಹಾಕು. ಹಂಡೆನೂ ಬೇಡ್ವಾ? ಮೂವತ್ತರಲ್ಲೇ ಎಲ್ಲ ಬಂತಾ. ಸರಿ.

ಹೆಸರಾ? ಯಾರದ್ದು... ಬಾಡಿಗೆಗಿದ್ದೋರದ್ದಾ? ಅದ್ಯಾಕೆ ಬೇಕು ಅವರಿಗೆ? ಮನೆ ನಂದು, ದುಡ್ಡು ನಂದು, ತೆರಿಗೆ ನಂದು! ಯಾರೋ ಗಂಡ ಹೆಂಡ್ತಿ. ಹಾರೋಹಳ್ಳಿ ಕಡೆಯೋರು. ಅವನಿಗೆ ಅಲ್ಲಿ ಫ್ಯಾಕ್ಟರೀಲಿ ಕೆಲಸ, ಶಿಫ್ಟು. ಅಲ್ಲಿರೋದು ಶೀಟಿನ ಮನೆ, ಒಂದೇ ರೂಮು. ಅವನಿಗೆ ತಾಯಿ ಇಲ್ಲ, ಇಂಥ ಹೊತ್ತಲ್ಲಿ ನೋಡ್ಕಳೋಕೆ ಯಾರೂ... ಅಂದ್ರೆ, ಹವಾ ಬದಲಾಗ್ಲಿ ಅಂತ ಬಂದ್ರು. ತೋಟ, ಗಾಳಿ. ಬೆಂಗಳೂರಿಂದ ಬರಲ್ವಾ ಜನ, ಬೆಟ್ಟ ನೋಡೋಕೆ ಅಂತ ಬಂದು ಎರಡು ದಿನಕ್ಕೆ ಎಷ್ಟೆಷ್ಟೋ ಕೊಟ್ಟು ಇರ್ತಾರಲ್ಲ? ಹಂಗೇ ಅಂದ್ಕೋ.

ಖಾಲಿ ಬುಡು ಅದನ್ನ. ...ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ವಾ? ಎಂಥ ಕಂಪ್ಯೂಟರವ್ವ ಅದು, ನಮ್ಮೂರ ಗಂಗಲಕ್ಷ್ಮಮ್ಮನ ಹಂಗೆ! ಅವಳೂ ಇಷ್ಟೇ. ಹೆಸರು, ಕುಲ, ಯಾವೂರು, ಎಷ್ಟು ತಿಂಗಳು, ಎಲ್ಲ ಹೇಳೋ ತನಕ ಬಾಗಿಲಿಂದ ಕದಲಲ್ಲ. ಎಳೇ ಕೂಸಿಗೆ ನೀರು ಹಾಕೋದ್ರಲ್ಲಿ ಮಾತ್ರ ಎತ್ತಿದ ಕೈ. ಕಾಲ ಮೇಲೆ ಮಲಗಿಸ್ಕೊಂಡು ಎಣ್ಣೆ ಹಚ್ಚೋಳು, ಬಾಯಲ್ಲಿ ಊರ ಸುದ್ದಿ, ಕೈ ಅದರ ಪಾಡಿಗೆ ಅದು. ಯಾರಿಗೂ ಹೇಳ್ಬೇಡ ಅಂತ ಸೀರೆ ಕೊಟ್ಟಿದ್ದೆ. ಸೀರೆ ಉಟ್ಕೊಂಡೇ ಊರೆಲ್ಲ ಹೇಳ್ಕೊಂಡು ಬಂದಳಲ್ಲ! ಅಶ್ವಥ್ ಕಿವಿಗೆ ಬಿದ್ದದ್ದು ಹಂಗೇ.

...ಈಗ ಯಾಕೆ ನಗು ನಿಲ್ಲಿಸ್ದೆ? ಅಷ್ಟೊತ್ತು ನಗ್ತಿದ್ದೆ.

ಅನಂತರಾಜು ಅಂತ ಹಾಕು. ಗಂಡನ ಹೆಸರು ಅದೇ. ಗಂಡಸಿನ ಹೆಸರು ಹಾಕಿದ್ರೆ ಆಯ್ತಲ್ಲ.

ಬಾಡಿಗೆ ಮಾತಾಡಿದೋರು ಯಾರು ಅಂದ್ರೆ... ಮಾತಾಡಿದ್ದು ಅವನಲ್ಲ. ಫೋನ್ ಬಂತು. ಹೆಣ್ಣು ದನಿ. 'ಅಕ್ಕೂರಿನ ಚಲುವಯ್ಯನವರಾ? ನಿಮ್ಮ ತೋಟದ ಮನೆ ಖಾಲಿ ಇದೆಯಂತೆ, ಬಾಡಿಗೆಗೆ ಕೊಡ್ತೀರಾ?' ಅಂತ. ನೋಡು ಹೆಂಗೆ ಮಾತು! ಚಲುವಯ್ಯನವರಾ ಅಂತೆ. ಕೊಡ್ತೀರಾ ಅಂತೆ. ನಾನೇನು ಕಮ್ಮಿನಾ? ಕೊಡ್ತೀನಿ, ಆದ್ರೆ ಬಿಟ್ಟಿ ಇಲ್ಲ, ಬಾಡಿಗೆ ಕೊಡ್ಬೇಕಾಗ್ತದೆ ಅಂದೆ. 'ಬಿಟ್ಟಿ ಯಾರಿಗೂ ಬೇಕಾಗಿಲ್ಲ' ಅಂದ್ಲು. ಎಷ್ಟು ಜನ ಇರ್ತೀರಿ ಅಂತ ಕೇಳ್ದೆ. 'ಬರೋವಾಗ ಇಬ್ರು, ಹೋಗೋವಾಗ ಮೂವರು' ಅಂದ್ಲು.

ಹಂಗಂದ್ಲು.

...ಮಿಸ್ಬಾ, ನಿನ್ನ ಮಗಳು ಜಾರಾ ಎಷ್ಟು ತಿಂಗಳಿಗೆ ಕುತ್ತಿಗೆ ನಿಲ್ಲಿಸಿದ್ಲು? ಇಲ್ಲಿ ಕಂಪ್ಯೂಟರ್ ಪಕ್ಕ ಫೋಟೋ ಇಟ್ಟಿದ್ದೀಯಲ್ಲ, ಅದಕ್ಕೇ ಕೇಳ್ದೆ. ಸುಮ್ನೆ. ಮೂರಕ್ಕಾ? ಹ್ಞಾ. ಹಂಗಾದ್ರೆ ಸರಿಗೈತೆ.

ಏನ್ ಸರಿಗೈತೆ ಅಂದ್ರೆ ಏನೂ ಇಲ್ಲ! ನೀನು ನಿನ್ನ ಕೆಲಸ ನೋಡವ್ವ. ಬಾಡಿಗೆಗೆ ಕೊಟ್ಟ ಮೇಲೆ ಇದ್ದೋರ ಅನುಕೂಲ ನೋಡ್ಬೇಕಾದ್ದು ಮನೆ ಯಜಮಾನನ ಕೆಲಸ. ನೋಡ್ದೆ. ಬೆಳಗಾಗೆದ್ದು ಹೋಗಿ ಹಂಡೆಗೆ ಉರಿ ಹಾಕ್ತಿದ್ದೆ. ಬೇಸಾಯಗಾರ ನಾನು, ಹೆಂಗಿದ್ರೂ ತೋಟಕ್ಕೆ ಹೋಗೋನೇ. ಸೊಪ್ಪಿನ ಸಾರು ಮಾಡೋಕೆ ಗೊತ್ತಿರಲಿಲ್ಲ, ಕಲ್ತೆ. ಖಾರ ಕಮ್ಮಿ ಮಾಡಿ, ಬೆಳ್ಳುಳ್ಳಿ ಜಾಸ್ತಿ ಮಾಡಿ... ಬೈರಮ್ಮ ಇದ್ದಿದ್ರೆ ನಂಗೆ ಈ ಪಾಡಾ? ಮಾಡಿ ಬಾಗಿಲ ಹತ್ರ ಇಟ್ಟು ಬರ್ತಿದ್ದೆ. ಒಳಗೆ ಹೋಗ್ತಿರಲಿಲ್ಲ. ಕೇಳಿಸ್ತಾ? ಒಳಗೆ ಕಾಲಿಡಲಿಲ್ಲ. ಒಂದು ಮಾತೂ ಆಡಲಿಲ್ಲ. ಅವಳೂ ಆಡಲಿಲ್ಲ. 'ಸಾರಿಗೆ ಉಪ್ಪು ಜಾಸ್ತಿ' ಅಂತ ಒಳಗಿನಿಂದ ಗೋಡೆಗೆ ಹೇಳೋಳು. ನಾನು ಮಾರನೇ ದಿನ ಕಮ್ಮಿ ಹಾಕ್ತಿದ್ದೆ. ಇದು ಮಾತಾಡಿದ್ದಾ? ನೀನೇ ಹೇಳು. ಬಾಡಿಗೆಗಿದ್ದೋರು ಕಂಪ್ಲೇಂಟ್ ಮಾಡಲ್ವಾ? ಇದೂ ಹಂಗೇ.

ಮಾತಿಗೆ ತಪ್ಪಿಲ್ಲ ಕಣವ್ವ ನಾನು. ಎಲ್ಲೂ ತಪ್ಪಿಲ್ಲ.

ಬಾಡಿಗೆ? ಬಂತು ಅಂದ್ನಲ್ಲ. ಕ್ಯಾಷು. ಖಾಲಿ ಮಾಡೋ ದಿವಸ, ಮೂರೂ ತಿಂಗಳದ್ದು ಒಟ್ಟಿಗೆ. ಕವರಲ್ಲಿ ಹಾಕಿ. ಬಾಗಿಲ ಮುಂದೆ ಆಟೋ ನಿಂತಿತ್ತು, ಅನಂತರಾಜು ಗಂಟು ಗಂಟು ಸಾಮಾನು ತುಂಬ್ತಿದ್ದ. ಅವಳು ಒಂದು ಕೈಲಿ ಕೂಸು, ಒಂದು ಕೈಲಿ ಕವರು. 'ತಗಳಿ, ನಿಮ್ಮ ಬಾಡಿಗೆ' ಅಂದ್ಲು. ನಾನು ತಗಂಡೆ. ಕೈ ಚಾಚಿ ತಗಂಡೆ. ಜೇಬಿಗೆ ಇಟ್ಕೊಂಡೆ. ನೋಡಿದೋರು ಅವ್ರೆ, ಆಟೋದೋನು ನೋಡವ್ನೆ. ಅಶ್ವಥ್ ಬೇಕಾದ್ರೆ ಅವನನ್ನೇ ಕೇಳ್ಲಿ!

ಬ್ಯಾಂಕಿಗೆ ಹಾಕಲಿಲ್ಲ.

ಮನೇಲೂ ಇಲ್ಲ.

ಖರ್ಚಾಯ್ತು ಅಂತ ಬರ್ಕೋ. ಬಂದದ್ದು ಬಂತು, ಆಮೇಲೆ ನಾನು ಯಾರಿಗೆ ಕೊಟ್ಟೆ ಅನ್ನೋದು ಸರ್ಕಾರಕ್ಕೆ ಯಾಕೆ? ಬಂದ ದುಡ್ಡಿಗೆ ತಾನೆ ತೆರಿಗೆ? ಕೊಟ್ಟ ದುಡ್ಡಿಗಲ್ವಲ್ಲ?

...ಯಾರಿಗೆ ಅಂತಾನೇ ಕೇಳ್ತೀಯಲ್ಲ.

ಒಂದು ಕೂಸು ಮೊದಲನೇ ಸಲ ಹೊರಡ್ತಾ ಐತೆ, ಮಿಸ್ಬಾ. ಹುಟ್ಟಿದ ಮೇಲೆ ಕಂಡ ಮನೇನ ಬಿಟ್ಟು. ಕೈಗೆ ಏನೂ ಇಡ್ದೆ ಕಳಿಸ್ತಾರಾ ಯಾರಾದ್ರೂ? ನಿಮ್ಮಲ್ಲಿ ಕಳಿಸ್ತಾರಾ? ನಿನ್ನ ಜಾರಾ ಹೊರಟಾಗ ನಿಮ್ಮಪ್ಪ ಬರಿಗೈಲಿ ಕಳಿಸಿದ್ನಾ? ಜೇಬಿಗೆ ಕೈ ಹಾಕ್ದೆ. ಇದ್ದದ್ದು ಆ ಕವರೊಂದೇ. ಆ ಕೂಸಿನ ಕೈ ಎಷ್ಟು ಗೊತ್ತಾ... ಹಣ್ಣಾದ ಹುಳ ಇರಲ್ವಾ, ಗೂಡು ಕಟ್ಟೋಕೆ ಮುಂಚೆ, ಒಳಗಿನ ಬೆಳಕು ಕಾಣೋ ಹಂಗೆ. ಆ ಥರ ಬೆರಳು. ಅಷ್ಟು ದಪ್ಪ ಕವರು ಹಿಡಿಯೋದೆಲ್ಲಿಂದ ಬಂತು, ಸುಮ್ನೆ ತಾಕಿಸಿ ಕೆಳಗಿಡೋಣ ಅಂತ ಇಟ್ಟೆ. ಹಿಡ್ಕೊಂಡು ಬುಡ್ತು. ಕವರನ್ನಲ್ಲ. ನನ್ನ ಬೆರಳನ್ನ. ಕವರು ಅದರ ಮಡಿಲಿಗೆ ಬಿತ್ತು.

ಅವಳು ನೋಡಿದ್ಲು. ನಾನು ಅವಳ ಕಡೆ ನೋಡಲಿಲ್ಲ. 'ಬಾಡಿಗೆಗೆ ರಸೀತಿ ಕೊಡಲ್ವಾ?' ಅಂದ್ಲು. ನಗ್ತಿದ್ಲೋ ಏನೋ. ಕೊಡ್ತೀನಿ, ಸರ್ಕಾರದ್ದೇ ಕೊಡ್ತೀನಿ, ಪೋಸ್ಟಲ್ಲಿ ಬತ್ತದೆ, ಪೋಸ್ಟ್‌ಮ್ಯಾನ್ ಕೈಲಿ ನೀನೂ ಸೈನ್ ಹಾಕಿ ಇಸ್ಕೋ ಅಂದೆ. ಎಷ್ಟೋ ವರ್ಷ ಆದ ಮೇಲೆ ಅವಳಿಗೆ ಎದುರಾ ಎದುರು ನಾನು ಅಂದ ಒಂದು ಮಾತು ಅದು. ಅದೂ ಜಗಳದ್ದೇ.

ಯಾಕೆ ಬರೀತಿಲ್ಲ?

ಬಾಡಿಗೆ ಅಲ್ಲ ಅಂತೀಯಾ? ಹಂಗಾದ್ರೆ ಏನದು? ಹೇಳು, ನೀನು ಓದಿದೋಳು! ಬಾಡಿಗೆ ಅಲ್ದೆ ಇದ್ರೆ ಅದಕ್ಕೆ ನಿನ್ನ ಕಂಪ್ಯೂಟರಲ್ಲಿ ಏನು ಹೆಸರೈತೆ? ಆ ಕಾಲಮ್ಮು ತೋರ್ಸು ನೋಡೋಣ. ಇಲ್ಲ ತಾನೆ? ಅದಕ್ಕೇ ಬಾಡಿಗೆ ಅಂತ ಹಾಕು ಅನ್ನೋದು ನಾನು.

...

ನಿಮ್ಮಪ್ಪನೂ ಹಿಂಗೇ. ಗೂಡನ್ನ ಕಿವಿ ಹತ್ರ ಹಿಡ್ದು ಅಲ್ಲಾಡಿಸೋನು. ಒಳಗೆ ಹುಳ ಗಟ್ಟಿ ಐತಾ ಅಂತ ಸದ್ದು ಕೇಳೋಕೆ. ಅಷ್ಟು ಹೊತ್ತು ಉಸಿರೆತ್ತುತಿರಲಿಲ್ಲ. ಎದುರಿಗೆ ನಾವು ಬೆಳೆದೋರು, ಒಳ್ಳೇ ಗೂಡು ಕಣಯ್ಯ, ನನ್ನ ಮಾತು ಕೇಳು ಅಂತ ಬಾಯಿ ಬಡ್ಕೋತಾ ಇರ್ತಿದ್ವಿ. ಅವನು ನಮ್ಮ ಮಾತು ಕೇಳ್ತಾನೇ ಇರಲಿಲ್ಲ. ಗೂಡನ್ನ ಕೇಳ್ತಿದ್ದ.

...ನೀನೂ ನನ್ನ ಹಂಗೇ ಕಿವಿ ಹತ್ರ ಹಿಡ್ಕೊಂಡಿದ್ದೀಯ, ಇಳಿಸು ಕೈನ. ಸಾಕು ಕೇಳಿದ್ದು.

ಹೆಸರು ತಾನೆ ಬೇಕು ಅದಕ್ಕೆ? ಅನಂತರಾಜು ಅಳಿಸ್ಬುಡು. ಬರ್ಕೋ.

ನವ್ಯಶ್ರೀ.

ಬರ್ಕೊಂಡ್ಯಾ? ತಂದೆ ಹೆಸರು ಕೇಳಲ್ವಾ? ನೋಡು ಸರಿಯಾಗಿ, ಕೆಳಗೆಲ್ಲಾದ್ರೂ ಕೇಳೈತೇನೋ... ಕೇಳಲ್ವಾ.

ಇರ್ಲಿ ಬುಡು. ಭಾನುವಾರ ಕಟ್ಟೆ ಮೇಲೆ ಕೇಳ್ತಾರಲ್ಲ. ಅಲ್ಲಿ ನಾನೇ ಹೇಳ್ತೀನಿ.